ಸಿಂಹದ ಬಾಲಕ್ಕೆ ಏಳು ನಂಬರು

ದೊಡ್ಡಮ್ಮನಿಗೆ ಕಂಪ್ಯೂಟರ್ ಕಲಿಸಲು ನಾನು ಒಪ್ಪಲಿಲ್ಲ ಎಂದು ನಮ್ಮ ಮನೆಯವರೆಲ್ಲ ಇವತ್ತಿಗೂ ಆಡಿಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ನಾನು ಒಪ್ಪಿದ್ದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೂ ಇದ್ದೆ. ಆದರೆ ಮಧ್ಯಾಹ್ನ ಮುಗಿಯುವುದರೊಳಗೆ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳಿಗೋ, ಯಾರಾದರೂ ತನ್ನ ಕೈಮೇಲೆ ಕೈಯಿಟ್ಟು ಮೌಸ್ ಸರಿಸಿದರೆ ಮೈಯೆಲ್ಲ ಉರಿ.

"ನಿನಗೆ ಸೂಜಿಗೆ ದಾರ ಪೋಣಿಸೋದು ಕಲಿಸಿದಾಗ ನಾನು ಹೀಗೆ ಕಿರುಚಿದ್ನೇನೇ?" ಎಂದು ಕೇಳಿದಳು.

ಕಿರುಚಿರಲಿಲ್ಲ. ನಾನು ಚೀಲ ತಗುಲಿಸಿಕೊಂಡು ಎದ್ದು ಬಂದೆ. ನನ್ನ ಹಳೆಯ ಕಂಪ್ಯೂಟರ್ ಮಾತ್ರ ಅವಳ ಅಂಗಡಿಯ ಕೌಂಟರಿನ ಮೇಲೆಯೇ ಉಳಿಯಿತು.

ದೊಡ್ಡಮ್ಮನದು ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಶಾಲೆಯ ನಾಟಕಗಳಿಗೆ, ಸಂಜೆಹೊತ್ತು ನಾಟಕ ಕಟ್ಟುವ ತಂಡಗಳಿಗೆ ರಾಜ, ರಾಣಿ, ಪೊಲೀಸ್, ಡಾಕ್ಟರ್, ಕಪ್ಪೆ, ಮರ, ಚಂದ್ರ ಎಲ್ಲವೂ ಅಲ್ಲಿಂದಲೇ ಹೋಗಬೇಕು. ಕೆಳಗೆ ಕೌಂಟರ್, ಹೊಲಿಗೆ ಯಂತ್ರ, ಗುಂಡಿ ತುಂಬಿದ ಬಿಸ್ಕತ್ತಿನ ಡಬ್ಬಗಳು. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಅಟ್ಟ. ಅಲ್ಲಿ ಗೋಡೆಯಿಂದ ಗೋಡೆಗೆ ಕಬ್ಬಿಣದ ಕೊಳವೆಗಳು, ಕೊಳವೆಯ ತುಂಬ ಹ್ಯಾಂಗರಿಗೆ ತೂಗುಬಿದ್ದ ವೇಷಗಳು, ಅಂಟಿನ ವಾಸನೆ, ನುಸಿಗುಳಿಗೆಯ ವಾಸನೆ. ಅಲ್ಲಿರುವ ಒಂದೊಂದು ಬಟ್ಟೆಯನ್ನೂ ಅವಳೇ ಕತ್ತರಿಸಿ ಅವಳೇ ಹೊಲಿದದ್ದು. ಆ ಅಟ್ಟವೆಂದರೆ ಅವಳ ಜೀವ.

ಅವಳು ಹೊಲಿಯುವವಳು, ದೊಡ್ಡಪ್ಪ ನೆನಪಿಟ್ಟುಕೊಳ್ಳುವವರು. ಮೊದಲಿನಿಂದಲೂ ಹಾಗೆಯೇ. ಯಾವ ವೇಷ ಯಾವ ಶಾಲೆಗೆ ಹೋಗಿದೆ, ಎಂದು ಬರುತ್ತದೆ, ಎಲ್ಲವೂ ಅವರ ತಲೆಯಲ್ಲಿ. ದಿನಕ್ಕೊಮ್ಮೆ ಅಟ್ಟ ಹತ್ತಿ ಕೊಳವೆಗಳ ನಡುವೆ ಸುತ್ತು ಹಾಕಿ ಬಂದರೆ ಸಾಕು, ಅವರಿಗೆ ಯಾವ ಕಾಗದವೂ ಬೇಡ. ಆದರೆ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತುವುದು ನಿಂತಿತು. ಕೌಂಟರಿನ ಹಿಂದೆ ಕೂತು, ಮೇಲೆ ಏನಿದೆ ಎಂದು ಊಹಿಸಿ "ಆಗಲಿ, ಕೊಡ್ತೀನಿ" ಎನ್ನತೊಡಗಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಅವರು ಕೆಳಗೆ ಒಬ್ಬರಿಗೆ ಮಾತು ಕೊಟ್ಟ ವೇಷವನ್ನು ದೊಡ್ಡಮ್ಮ ಮೇಲಿನಿಂದ ಇನ್ನೊಬ್ಬರಿಗೆ ಇಳಿಸಿಕೊಡುತ್ತಿದ್ದಳು. ಹಾಗೆ ಒಂದು ದಿನ ಒಬ್ಬನೇ ಚಂದ್ರ ಇಬ್ಬರ ಪಾಲಾದ. ವೇಷ ಸಿಗದ ಪುಟ್ಟ ಹುಡುಗಿ ಅಂಗಡಿಯ ಮಧ್ಯದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಮ್ಮ ಊಟದ ತಟ್ಟೆಗೆ ಬೆಳ್ಳಿಬಣ್ಣದ ಕಾಗದ ಸುತ್ತಿ, ಎದೆಗೆ ಕಟ್ಟಿ ಕಳಿಸಿದಳು.

ಅವತ್ತೇ ದೊಡ್ಡಪ್ಪ ತೀರ್ಮಾನ ಹೇಳಿದರು. ಪಕ್ಕದ ಸೋಫಾ ಅಂಗಡಿಯವನು ಸಾಮಾನು ಇಡಲು ಈ ಜಾಗವನ್ನು ಕೇಳುತ್ತಲೇ ಇದ್ದ. "ಈ ಸಲ ಶಾಲೆಗಳ ಸೀಸನ್‌ನಲ್ಲಿ ಒಂದೇ ಒಂದು ಮಾತು ತಪ್ಪಿದ್ರೂ ಅಂಗಡಿ ಸೋಫಾದವನಿಗೆ. ಮಗು ಅಳೋದನ್ನ ಇನ್ನೊಂದು ಸಲ ನನ್ನ ಕೈಲಿ ನೋಡಕ್ಕಾಗಲ್ಲ ಕಣೇ."

ಮರುದಿನ ದೊಡ್ಡಮ್ಮ ನನ್ನ ಮನೆಗೆ ಬಂದು, "ನಿನ್ನ ಹಳೇ ಕಂಪ್ಯೂಟರ್ ಸುಮ್ನೆ ಧೂಳು ತಿಂತಿದೆಯಲ್ಲ, ಕೊಡು" ಎಂದಳು. ಮುಂದೆ ನಡೆದ ಜಗಳವನ್ನು ಆಗಲೇ ಹೇಳಿದ್ದೇನೆ.

ನಾನು ಕೈಬಿಟ್ಟ ಮೇಲೆ ಅವಳು ಗ್ರಂಥಾಲಯದ ಮಹಡಿಯ ಮೇಲೆ ನಡೆಯುವ ಕ್ಲಾಸಿಗೆ ಸೇರಿದಳು. ಅಲ್ಲಿ ಹೊಸಬರಿಗೆ ಡೇಟಾಬೇಸ್ ಹೇಳಿಕೊಡುತ್ತಿದ್ದುದು ಗ್ರಂಥಾಲಯದ ಮೇಡಂ. ಸಣಕಲು ಹೆಂಗಸು, ದಪ್ಪ ಕನ್ನಡಕ, ಎಷ್ಟು ಸಲ ಕೇಳಿದರೂ ಮೊದಲ ಸಲ ಕೇಳಿದಂತೆಯೇ ಉತ್ತರ ಕೊಡುವ ತಾಳ್ಮೆ. ನನ್ನನ್ನು ಮೊದಲ ಸಲ ಕಂಡಾಗ "ನೀವೇನಾ ಆ ಕಿರುಚೋ ಮಗಳು?" ಎಂದು ಕೇಳಿದ್ದರು.

ಮೊದಲ ವಾರ ದೊಡ್ಡಮ್ಮ ಒಂದು ಟೇಬಲ್ ಮಾಡಿದಳು. ಒಂದೊಂದು ವೇಷಕ್ಕೆ ಒಂದೊಂದು ಸಾಲು. ಹೆಸರು, ಅಳತೆ, ಬಣ್ಣ, ಯಾವ ಕೊಳವೆಯಲ್ಲಿ ತೂಗಿದೆ ಎಂಬುದಕ್ಕೆ ಬೇರೆ ಬೇರೆ ಕಾಲಂ. ಬಣ್ಣದ ಕಾಲಂ ಓದಿ ನಾನು ಕಣ್ಣು ಕಣ್ಣು ಬಿಟ್ಟೆ. ಎರಡನೇ ರಾಣಿಯ ಬಣ್ಣ "ಬಾಡಿದ ಬದನೆಕಾಯಿ". ಮಂತ್ರಿಯ ನಿಲುವಂಗಿ "ಹಳಸಿದ ಕಾಫಿ". ಕಪ್ಪೆ "ಮಳೆ ಬಂದ ಮಾರನೇ ದಿನದ ಹಸಿರು". ದರ್ಜಿಯ ಕಣ್ಣಿಗೆ ಅದೆಲ್ಲ ನಿಜವೇ. ಆದರೆ ಯಾರೋ ಬಂದು ನೇರಳೆ ಬಣ್ಣದ ರಾಣಿ ಬೇಕೆಂದಾಗ, ನೇರಳೆ ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ಏನೂ ಇಲ್ಲ ಎಂದಿತು.

"ಇದೂ ನಿನ್ನ ದೊಡ್ಡಪ್ಪನ ಥರಾನೇ" ಎಂದಳು. "ಕೇಳಿದ್ದಕ್ಕೆ ಮಾತ್ರ ಉತ್ತರ. ಮನಸಲ್ಲಿರೋದು ತಾನಾಗೇ ಅರ್ಥ ಮಾಡ್ಕೊಳಲ್ಲ."

ಬೇಜಾರಿಲ್ಲದೆ ಕೂತು ಬಣ್ಣಗಳನ್ನೆಲ್ಲ ತಿದ್ದಿದಳು. ಬದನೆಕಾಯಿಯನ್ನು ಬಿಡಲು ಮನಸ್ಸಾಗದೆ ಅದಕ್ಕೇ ಬೇರೆ ಕಾಲಂ ಮಾಡಿಕೊಂಡಳು. ಅವಳಿಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ನಂಬರು. ಹೊಸ ಸಾಲು ಬರೆದ ಕೂಡಲೇ ಕಂಪ್ಯೂಟರ್ ತಾನೇ ಅದಕ್ಕೊಂದು ನಂಬರು ಕೊಡುತ್ತಿತ್ತು. ಒಮ್ಮೆ ಕೊಟ್ಟ ನಂಬರನ್ನು ಮತ್ತೆ ಯಾರಿಗೂ ಕೊಡುತ್ತಿರಲಿಲ್ಲ. ಆ ನಂಬರನ್ನು ಅವಳು ಬಿಳಿ ಬಟ್ಟೆಯ ಚೂರಿನ ಮೇಲೆ ಕೆಂಪು ದಾರದಲ್ಲಿ ಹೊಲಿದು, ಆ ಚೀಟಿಯನ್ನು ವೇಷಕ್ಕೆ ಹಾಕಿ ಭದ್ರ ಮಾಡುತ್ತಿದ್ದಳು. ದಿನವೂ ಹೊಲಿಗೆ, ದಿನವೂ ಟೈಪಿಂಗು. "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ" ಎಂದು ದೊಡ್ಡಪ್ಪ ಮೂಗು ಮುರಿದರು.

ಕೆಲವು ವಾರ ಬಿಟ್ಟು ನಾನು ರಾಜಿಗೆಂದು ಅಂಗಡಿಗೆ ಹೋದೆ. ಅಷ್ಟರಲ್ಲಿ ನಾಟಕದ ತಂಡಗಳ ಓಡಾಟ ಶುರುವಾಗಿತ್ತು. ಫೋನ್ ಬಡಿದುಕೊಳ್ಳುತ್ತಿತ್ತು, ದೊಡ್ಡಮ್ಮ ಪರದೆ ನೋಡಿ "ರಾಜ ಇಲ್ಲ ಸ್ವಾಮಿ, ಪೊಲೀಸೂ ಇಲ್ಲ" ಎಂದು ಫೋನ್ ಇಡುತ್ತಿದ್ದಳು. ನಾನು ಇಣುಕಿ ನೋಡಿದರೆ ಪರದೆಯ ಮೇಲೆ ಉಳಿದದ್ದು ಎರಡು ಕಪ್ಪೆ, ಒಂದು ಮರ, ಒಂದು ಸಿಂಹ, ಒಂದು ಪೆಟ್ಟಿಗೆ ಮೀಸೆ.

"ದೊಡ್ಡಮ್ಮಾ, ಉಳಿದದ್ದೆಲ್ಲ ಎಲ್ಲಿ ಹೋಯ್ತು?"

"ಬಾಡಿಗೆಗೆ ಹೋಗಿದೆ. ಹೋದದ್ದನ್ನ ಡಿಲೀಟ್ ಮಾಡ್ದೆ."

ಅವಳ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ವೇಷ ಹೊರಗೆ ಹೋದರೆ ಅದರ ಹ್ಯಾಂಗರನ್ನು ಕೊಳವೆಯಿಂದ ತೆಗೆದು ಬುಟ್ಟಿಗೆ ಹಾಕಬೇಕು. ಖಾಲಿ ಹ್ಯಾಂಗರ್ ಕೊಳವೆಯ ಮೇಲೆ ಉಳಿಯಕೂಡದು, ಉಳಿದರೆ ಲೆಕ್ಕ ತಪ್ಪುತ್ತದೆ. ಅದೇ ಪದ್ಧತಿಯನ್ನು ಅವಳು ಕಂಪ್ಯೂಟರಿನಲ್ಲೂ ಚಾಚೂ ತಪ್ಪದೆ ನಡೆಸಿದ್ದಳು. ವೇಷ ಹೋದರೆ ಸಾಲನ್ನು ಅಳಿಸುವುದು, ಬಂದರೆ ಹೊಸದಾಗಿ ಬರೆಯುವುದು. ಬರೆದಾಗಲೆಲ್ಲ ಕಂಪ್ಯೂಟರ್ ಹೊಸ ನಂಬರು ಕೊಡುವುದು. ಕೊಟ್ಟಾಗಲೆಲ್ಲ ಇವಳು ಹೊಸ ಚೀಟಿ ಹೊಲಿಯುವುದು. ಮುಂದಿನ ವಾರ ಬರುವ ರಾಜನನ್ನು ಅದರ ಮುಂದಿನ ವಾರಕ್ಕೆ ಕೇಳಿದರೂ ಇಲ್ಲವೆನ್ನುವುದು!

ಹೆಚ್ಚು ಓಡಾಡಿದ ವೇಷ ಸಿಂಹದ್ದು. ಅದು ಆಗ ತಾನೇ ವಾಪಸ್ಸು ಬಂದಿತ್ತು, ಅವಳು ಅದಕ್ಕೆ ಚೀಟಿ ಹಾಕುತ್ತ ಕೂತಿದ್ದಳು. ಬಾಲ ಎತ್ತಿ ನೋಡಿದೆ. ಬುಡದಿಂದ ತುದಿಯ ಕುಚ್ಚಿನವರೆಗೆ ಸಾಲಾಗಿ ಚೀಟಿ. ಏಳು.

"ಹಳೇದನ್ನ ಯಾಕೆ ಬಿಚ್ಚಲಿಲ್ಲ?"

"ಬಿಚ್ಚಿದ್ರೆ ಬಟ್ಟೆ ಹಿಂಜುತ್ತೆ. ಅದ್ರ ಪಾಡಿಗೆ ಅದು ಇರ್ಲಿ ಬಿಡು."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ರಾಜಿ ಅಲ್ಲಿಗೇ ಮುರಿಯಿತು. ಅವಳು ಸಿಂಹವನ್ನು ನನ್ನ ಕೈಯಿಂದ ಕಿತ್ತುಕೊಂಡು, ನೆಟ್ಟಗೆ ಗ್ರಂಥಾಲಯಕ್ಕೆ ಹೊರಟಳು. ನಾನೂ ಹಿಂದೆಯೇ ಹೋದೆ, ನಗು ತಡೆಯುತ್ತ.

ಮೇಡಂ ನಗಲಿಲ್ಲ. ಬಾಲವನ್ನು ಪೂರ್ತಿ ಓದಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಅಮ್ಮಾ, ಇಲ್ಲಿಂದ ಯಾರೋ ಪುಸ್ತಕ ಓದೋಕೆ ತಗೊಂಡು ಹೋಗ್ತಾರೆ. ಪುಸ್ತಕ ಗ್ರಂಥಾಲಯದ್ದೇ ಅಲ್ವಾ?"

"ಹೌದು, ನಿಮ್ಮದೇ."

"ನಿಮ್ಮ ಯಜಮಾನ್ರು ಹೊರಗೆ ಹೋದ್ರು ಅನ್ನಿ. ಆಗ ನಿಮಗೆ ಗಂಡನೇ ಇಲ್ಲ ಅಂತೀರಾ?"

"ಒಂದೊಂದು ದಿನ ಹಾಗೆ ಅಂದ್ಕೊಂಡ್ರೆ ಎಷ್ಟು ನೆಮ್ಮದಿ ಮೇಡಂ!"

ಕ್ಲಾಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗುತ್ತಲೇ ದೊಡ್ಡಮ್ಮನಿಗೆ ವಿಷಯ ತಲೆಗೆ ಹೋಯಿತು. ಅವತ್ತು ಮೇಡಂ ಅವಳಿಂದ ಎರಡನೇ ಟೇಬಲ್ ಮಾಡಿಸಿದರು. ಮೊದಲನೆಯದು ಇರುವ ವೇಷಗಳದ್ದು. ಅದರಲ್ಲಿ ಅಳಿಸುವ ಮಾತಿಲ್ಲ. ಎರಡನೆಯದು ಹೋದದ್ದು, ಬಂದದ್ದು. ವೇಷದ ನಂಬರು, ಯಾರಿಗೆ, ಹೋಗುವ ತಾರೀಕು, ಬರುವ ತಾರೀಕು. ಎರಡೂ ಟೇಬಲ್ಲುಗಳನ್ನು ಜೋಡಿಸುವುದು ಅದೇ ನಂಬರು. ಯಾವ ದಿನಕ್ಕೆ ಯಾವ ವೇಷ ಅಟ್ಟದಲ್ಲಿರುತ್ತದೆ ಎಂದು ಕೇಳಿದರೆ, ಎರಡನ್ನೂ ನೋಡಿ ಕಂಪ್ಯೂಟರ್ ಹೇಳುತ್ತದೆ.

"ಅಂದ್ರೆ ಅಂಗಿ ಒಂದು ತುಂಡು, ತೋಳು ಒಂದು ತುಂಡು. ನಂಬರ್ ಹೊಲಿಗೆ" ಎಂದಳು ದೊಡ್ಡಮ್ಮ.

ಮೊದಲ ಪ್ರಶ್ನೆಯನ್ನು ತಾನೇ ಟೈಪ್ ಮಾಡಿ ಒತ್ತಿದಾಗ ಪರದೆಯ ಮೇಲೆ ಉತ್ತರ ಮೂಡಿತು. ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು, ಜೋರಾಗಿ ಚಪ್ಪಾಳೆ ತಟ್ಟಿದಳು. ನಾನು ಕಲಿಸಲು ಕೂತ ಮಧ್ಯಾಹ್ನ ಈ ಮುಖ ನೋಡಲು ಸಿಕ್ಕಿರಲಿಲ್ಲ.

ಅಳಿಸಿದ ಸಾಲುಗಳು ಪೂರ್ತಿ ಕಳೆದುಹೋಗಿರಲಿಲ್ಲ. ಮೇಡಂ ಹೇಳಿದಂತೆ ದಿನಾ ಸಂಜೆ ಎಲ್ಲದರದ್ದೂ ಒಂದು ನಕಲು ತೆಗೆದಿಟ್ಟಿದ್ದಳು. ಯಾವುದಾದರೂ ಒಂದು ನಕಲನ್ನು ಆರಿಸಿಕೊಳ್ಳಿ ಎಂದರು ಮೇಡಂ. ಆದರೆ ಬೆರಳಗಲದ ಬಟ್ಟೆಯ ತುಂಡನ್ನೂ ಎಸೆಯದವಳು ನಕಲನ್ನು ಎಸೆಯುತ್ತಾಳೆಯೇ? ಎಲ್ಲ ನಕಲುಗಳನ್ನೂ ಒಂದರ ಮೇಲೊಂದು ಸುರಿದುಕೊಂಡಳು. ಈಗ ಕಂಪ್ಯೂಟರಿನಲ್ಲಿ ಒಂದೊಂದು ವೇಷವೂ ಮೂರು ನಾಲ್ಕು ಸಲ, ಹೆಚ್ಚು ಓಡಾಡಿದ್ದು ಇನ್ನೂ ಹೆಚ್ಚು ಸಲ ಬಂದಿತ್ತು. ದಿನಾ ಬೆಳಿಗ್ಗೆ ಅಟ್ಟ ಹತ್ತಿ ಚೀಟಿ ಓದಿ, ನಿಜವಾದದ್ದನ್ನು ಉಳಿಸಿ ಸುಳ್ಳನ್ನು ತೆಗೆಯತೊಡಗಿದಳು. ಅಕ್ಷರಮಾಲೆಯ ಪ್ರಕಾರ ಅ ಇಂದ ಹಿಡಿದು ಅಚ್ಚುಕಟ್ಟಾಗಿ ಬಂದು, ರಾಜನನ್ನು ಮುಗಿಸಿ ರಾಣಿಯ ಹತ್ತಿರ ನಿಂತಿದ್ದಳು. ಸಿಂಹ ಇರುವುದು ಸಕಾರದಲ್ಲಿ.

ಇದೇ ಹೊತ್ತಿಗೆ, ಅವಳು ಕ್ಲಾಸಿಗೆ ಹೋಗಿದ್ದ ಮಧ್ಯಾಹ್ನ, ಶಾಲೆಯ ನಾಟಕದ ಮೇಷ್ಟ್ರು ಅಂಗಡಿಗೆ ಬಂದರು. ಕೌಂಟರಿನಲ್ಲಿ ದೊಡ್ಡಪ್ಪ ಒಬ್ಬರೇ.

"ವಾರದ ಕೊನೆಗೆ ಕಾಡಿನ ನಾಟಕ. ಒಂದು ಸಿಂಹ ಬೇಕಿತ್ತು" ಎಂದರು ಮೇಷ್ಟ್ರು.

ದೊಡ್ಡಪ್ಪ ಅಭ್ಯಾಸಬಲದಿಂದ "ಇದೆ" ಎನ್ನಲು ಬಾಯಿ ತೆರೆದವರು, ಚಂದ್ರನ ನೆನಪಾಗಿ ಮುಚ್ಚಿಕೊಂಡರು. ಮೇಲೆ ಹೋಗಿ ನೋಡುವ ಹಾಗಿಲ್ಲ. ಹೆಂಡತಿ ಒಂದು ಪದ ಒತ್ತಿ ಹುಡುಕುವುದನ್ನು ಅವರು ಓರೆಗಣ್ಣಿನಿಂದ ನೋಡಿಯೇ ಕಲಿತಿದ್ದರು, ಯಾರಿಗೂ ಹೇಳಿರಲಿಲ್ಲ. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಸಿಂಹ ಎಂದು ಟೈಪ್ ಮಾಡಿದರು.

ಪರದೆಯ ಮೇಲೆ ಏಳು ಸಿಂಹ ಬಂದವು. ಏಳಕ್ಕೂ ಬೇರೆ ಬೇರೆ ನಂಬರು. ಏಳೂ ಅಟ್ಟದಲ್ಲಿ.

ದೊಡ್ಡಪ್ಪನ ಎದೆ ತುಂಬಿ ಬಂತು. ತಾನು ಕೆಳಗೆ ಕೂತು ಗೊಣಗುತ್ತಿದ್ದಾಗ ಹೆಂಡತಿ ಮೇಲೆ ಸದ್ದಿಲ್ಲದೆ ಇಷ್ಟೊಂದು ಹೊಲಿದು ತೂಗುಹಾಕಿದ್ದಾಳೆ! "ಒಂದು ಯಾಕೆ ಮೇಷ್ಟ್ರೇ? ಏಳು ತಗೊಳ್ಳಿ!" ಎಂದುಬಿಟ್ಟರು. ಮೇಷ್ಟ್ರಿಗೂ ಖುಷಿಯೋ ಖುಷಿ. ಒಂದು ಸಿಂಹದ ಪಾತ್ರಕ್ಕೆ ಇಡೀ ತರಗತಿ ಕಿತ್ತಾಡುತ್ತಿತ್ತಂತೆ. ಅಲ್ಲೇ ಕೌಂಟರಿಗೆ ಒರಗಿ, ಒಬ್ಬ ಸಿಂಹನ ಮಾತುಗಳನ್ನು ಏಳು ಜನಕ್ಕೆ ಹಂಚಿ ಬರೆದುಕೊಂಡು ಹೋದರು.

ಸಂಜೆ ನಾನೂ ದೊಡ್ಡಮ್ಮನೂ ಒಟ್ಟಿಗೆ ಅಂಗಡಿಗೆ ಬಂದೆವು. ದೊಡ್ಡಪ್ಪ ಟೀ ಮಾಡಿಟ್ಟಿದ್ದರು. ಅವರು ಟೀ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಏಳು ಸಿಂಹ ಹೊಲಿದಿದ್ದೀಯ, ಬಾಯಿ ಬಿಟ್ಟು ಒಂದು ಮಾತು ಹೇಳಬಾರದೇನೇ?" ಎಂದರು ಲೋಟ ಕೈಗಿಡುತ್ತ. "ನಿನ್ನ ಕಂಪ್ಯೂಟರ್‌ನ ನಂಬಿದೆ ಕಣೆ. ಮೇಷ್ಟ್ರಿಗೆ ಏಳೂ ಕೊಟ್ಟೆ."

ದೊಡ್ಡಮ್ಮ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ಮೆಟ್ಟಿಲು ಹತ್ತಿ, ಸಿಂಹವನ್ನು ತಂದು ಕೌಂಟರಿನ ಮೇಲೆ ಮಲಗಿಸಿ, ಬಾಲವನ್ನು ಅವರ ಕಡೆ ತಿರುಗಿಸಿದಳು. ದೊಡ್ಡಪ್ಪ ಪರದೆ ನೋಡಿದರು, ಬಾಲ ನೋಡಿದರು. ಒಂದೊಂದೇ ನಂಬರನ್ನು ಎರಡೂ ಕಡೆ ಓದಿದರು.

"ಮಾತು ಕೊಟ್ಟಾಯ್ತಲ್ಲೇ."

"ನಾನು ಸಕಾರಕ್ಕೆ ಬಂದಿರಲಿಲ್ಲ ರೀ" ಎಂದಳು ದೊಡ್ಡಮ್ಮ. ಅವಳ ಕಣ್ಣು ತುಂಬಿತ್ತು.

ಮಾತು ತಪ್ಪಿದರೆ ಅಂಗಡಿ ಸೋಫಾದವನಿಗೆ. ಬೆಳಿಗ್ಗೆ ತಾನೇ ಶಾಲೆಗೆ ಹೋಗಿ ಮೇಷ್ಟ್ರ ಕ್ಷಮೆ ಕೇಳುತ್ತೇನೆ ಎಂದಷ್ಟೇ ದೊಡ್ಡಪ್ಪ ಹೇಳಿದರು.

ಆದರೆ ಬೆಳಿಗ್ಗೆ ಅವರು ಕೋಲು ಹಿಡಿದು ಹೊರಡುವ ಮುಂಚೆಯೇ ಮೇಷ್ಟ್ರು ಬಂದರು. ಅಳತೆ ಕೊಡಿಸಲು ಏಳೂ ಮಕ್ಕಳನ್ನು ಕರೆದುಕೊಂಡೇ ಬಂದಿದ್ದರು. ಮಕ್ಕಳು ಬಾಗಿಲಿನಿಂದಲೇ ನಾಲ್ಕು ಕಾಲಿನ ಮೇಲೆ ನಡೆದು ಬಂದರು. ಎಲ್ಲರಿಗಿಂತ ಚಿಕ್ಕವಳು, ಮುಂದಿನ ಎರಡು ಹಲ್ಲಿಲ್ಲದವಳು, ದೊಡ್ಡಪ್ಪನ ಮೊಣಕಾಲಿನ ಹತ್ತಿರ ಬಂದು ತಲೆಯೆತ್ತಿ ಗರ್ಜಿಸಿದಳು. ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು.

ದೊಡ್ಡಮ್ಮ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಎಳೆದುಕೊಂಡಳು. "ಏನ್ರೋ ಸದ್ದು! ಸಾಲಾಗಿ ನಿಂತ್ಕೊಳ್ಳಿ. ಒಬ್ಬೊಬ್ಬರೇ ಬನ್ನಿ. ಬಾಲ ಉದ್ದ ಬೇಕಾ, ಗಿಡ್ಡ ಬೇಕಾ, ಈಗಲೇ ಹೇಳಿ. ಆಮೇಲೆ ತಕರಾರು ಮಾಡಿದ್ರೆ ಕಪ್ಪೆ ಮಾಡಿಬಿಡ್ತೀನಿ."

ಮಕ್ಕಳು ಹೋದದ್ದೇ ತಡ, ಅವಳು ಪಕ್ಕದ ಅಂಗಡಿಗೆ ನುಗ್ಗಿದಳು. ಸೋಫಾದವನ ಹತ್ತಿರ ಹಳದಿ ಮಖಮಲ್ಲಿನ ತುಂಡುಗಳು ರಾಶಿ ಬಿದ್ದಿರುವುದು ಅವಳಿಗೆ ಗೊತ್ತಿತ್ತು.

"ಅಕ್ಕಾ, ಇದು ಯಾವ ನ್ಯಾಯ? ನಿಮ್ಮ ಅಂಗಡಿ ನನಗೆ ಸಿಗದೆ ಇರೋ ಹಾಗೆ ಮಾಡಕ್ಕೆ ನನ್ನ ಬಟ್ಟೆನೇ ಕೊಡಬೇಕಾ?"

"ಹೂಂ. ಸ್ಪಂಜೂ ಕೊಡು, ಬಾಲಕ್ಕೆ ಬೇಕು."

ಅವನು ತಲೆ ಚಚ್ಚಿಕೊಂಡು, ನಗುತ್ತ ಎರಡನ್ನೂ ಹೊತ್ತು ತಂದು ಹಾಕಿದ. ಆ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡಮ್ಮ ಕತ್ತರಿಸಿದಳು, ಹೊಲಿದಳು. ನಾನು ನೆಲ ಒರೆಸುವ ಕೋಲುಗಳ ದಾರ ಬಿಚ್ಚಿ, ಕಂದು ಬಣ್ಣಕ್ಕೆ ಅದ್ದಿ ಕೇಸರ ಮಾಡಿದೆ. ಕೇಸರ ಕಂದಾಗಲಿಲ್ಲ, ನನ್ನ ಕೈ ಆಯಿತು. ದೊಡ್ಡಪ್ಪ ಕಾಲು ಚಾಚಿ ಕೂತು ಬಾಲಕ್ಕೆ ಸ್ಪಂಜು ತುಂಬಿದರು. ಒಂದು ಬಾಲ ಡೊಂಕಾಯಿತೆಂದು ದೊಡ್ಡಮ್ಮ ಬೈದಾಗ, ಅದೇ ಸಿಂಹದ ಠೀವಿ ಎಂದು ವಾದಿಸಿದರು. ಇಬ್ಬರೂ ಹಾಗೆ ಮನಸಾರೆ ಜಗಳವಾಡಿ ಎಷ್ಟು ದಿನವಾಗಿತ್ತೋ. ನನಗೆ ಕೇಳಿ ಕೇಳಿ ಸಂತೋಷವಾಗುತ್ತಿತ್ತು.

ಆರೂ ಹೊಸ ಸಿಂಹಗಳು ಮುಗಿದ ಮೇಲೆ ದೊಡ್ಡಮ್ಮ ಹಳೆಯ ಸಿಂಹವನ್ನು ಮಡಿಲಲ್ಲಿ ಹಾಕಿಕೊಂಡಳು. ಸಣ್ಣ ಕತ್ತರಿಯಿಂದ ಬಾಲದ ಚೀಟಿಗಳನ್ನು ಮೆಲ್ಲಗೆ ಬಿಚ್ಚಿದಳು. ಬಟ್ಟೆ ಹಿಂಜಲಿಲ್ಲ. ಒಂದನ್ನು ಅದರಲ್ಲೇ ಬಿಟ್ಟು, ಉಳಿದ ಆರನ್ನು ಆರು ಹೊಸ ಬಾಲಗಳಿಗೆ ಹೊಲಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಸಕಾರದ ಸಾಲುಗಳನ್ನು ಬಾಲಗಳ ಜೊತೆ ಹೋಲಿಸಿ ನೋಡಿದಳು.

"ರೀ, ಇಲ್ಲಿ ನೋಡಿ. ಒಂದನ್ನೂ ಅಳಿಸೋ ಹಾಗಿಲ್ಲ. ಅಳತೆ ತಿದ್ದಿದ್ರೆ ಆಯ್ತು, ಎಲ್ಲಾ ಸರಿಯಾಗಿದೆ!"

ದೊಡ್ಡಪ್ಪ ಅವಳನ್ನು ಎಬ್ಬಿಸಿ ತಾವು ಕೂತರು. ಹೋದದ್ದು-ಬಂದದ್ದರ ಟೇಬಲ್ಲಿನಲ್ಲಿ, ಒಂದೇ ಬೆರಳಿನಲ್ಲಿ, ಏಳು ಸಿಂಹಗಳನ್ನೂ ಮೇಷ್ಟ್ರ ಹೆಸರಿಗೆ ಬರೆದರು.

ನಾಟಕದ ದಿನ ನಾವು ಮುಂದಿನ ಸಾಲಿನಲ್ಲೇ ಕೂತಿದ್ದೆವು. ಏಳು ಸಿಂಹಗಳು ಒಟ್ಟಿಗೆ ಗರ್ಜಿಸಿದಾಗ ಮರದ ವೇಷದ ಹುಡುಗ ನಿಜವಾಗಿ ಹೆದರಿ ಓಡಿಹೋದ. ಡೊಂಕು ಬಾಲ ಹಲ್ಲಿಲ್ಲದ ಹುಡುಗಿಯ ಪಾಲಿಗೆ ಬಂದಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಲೇ ಇಡೀ ನಾಟಕ ಮುಗಿಸಿದಳು. ದೊಡ್ಡಪ್ಪ ನನ್ನ ಭುಜಕ್ಕೆ ತಿವಿದು, "ನಾನು ತುಂಬಿದ್ದು, ಅದು" ಎಂದರು.

ಸಿಂಹಗಳು ವಾಪಸ್ಸು ಬಂದ ದಿನ ನಾನೇ ಅವನ್ನು ಅಟ್ಟಕ್ಕೆ ಸಾಗಿಸಿದೆ. ಕೆಳಗೆ ಬಂದರೆ ದೊಡ್ಡಪ್ಪ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಬೇಡವೆಂದರೂ ಕೇಳದೆ ಮೆಟ್ಟಿಲ ಮೇಲೆ ಕೂತು, ಹಿಂದಕ್ಕೆ ಕೈಯೂರಿ, ಒಂದೊಂದೇ ಮೆಟ್ಟಿಲನ್ನು ಹಿಮ್ಮುಖವಾಗಿ ಏರಿದರು. ದೊಡ್ಡಮ್ಮ ಕೆಳಗಿನಿಂದ ಬೈಯುತ್ತಲೇ ಇದ್ದಳು, ಕೈ ಮಾತ್ರ ಅವರನ್ನು ತಡೆಯಲಿಲ್ಲ. ಅಟ್ಟ ತಲುಪಿದ ಮೇಲೆ ಹ್ಯಾಂಗರುಗಳನ್ನು ಸರಿಸುವ ಸದ್ದು ಕೇಳಿಸಿತು.

ಅಷ್ಟರಲ್ಲಿ ಸೋಫಾದವನು ಬಂದ. ಸೀಸನ್ ಮುಗಿಯಿತಲ್ಲ, ಉತ್ತರ ಕೇಳಲು ಬಂದಿದ್ದ.

"ಏನಣ್ಣಾ, ಜಾಗ ಕೊಡ್ತೀರೋ ಇಲ್ವೋ?" ಎಂದು ಮೇಲಕ್ಕೆ ಕೂಗಿದ.

"ಜಾಗ ಎಲ್ಲಿದೆಯಪ್ಪಾ?" ಅಟ್ಟದಿಂದ ದೊಡ್ಡಪ್ಪನ ದನಿ ಬಂತು. "ಇಲ್ಲಿ ಸಿಂಹಗಳಿವೆ!"

"ಎಷ್ಟಿವೆ?"

"ಏಳು! ನಂಬಿಕೆ ಇಲ್ದಿದ್ರೆ ಕಂಪ್ಯೂಟರ್ ನೋಡ್ಕೋ!"